ಬೀದಿ ಬೆಕ್ಕುಗಳ ಸಂಖ್ಯೆ ಇಳಿಸಬೇಕೇ? ಕೊನೆಯ ಹೆಣ್ಣು ಸಿಗುವವರೆಗೆ ಬೋನು ಒಳಗಿಡಬೇಡಿ

ನಮ್ಮ ಗುಂಪು ಮೊದಲ ಸಲ ಈ ಕೆಲಸಕ್ಕೆ ಕೈಹಾಕಿದಾಗ ಒಂದು ಹಿತ್ತಲಲ್ಲಿ ಹನ್ನೊಂದು ಬೆಕ್ಕುಗಳಿದ್ದವು. ಹತ್ತಕ್ಕೆ ಆಪರೇಷನ್ ಆಯಿತು. ಹನ್ನೊಂದನೆಯದು ಮೂರು ಬಣ್ಣದ ಒಂದು ಹೆಣ್ಣು. ಬೋನಿಗೆ ಎರಡು ಸುತ್ತು ಹಾಕುತ್ತಿತ್ತು, ಮೂಸುತ್ತಿತ್ತು, ಬಾಗಿಲ ಮುಂದೆಯೇ ಕೂತು ಮೈ ನೆಕ್ಕಿಕೊಂಡು ಎದ್ದು ಹೋಗುತ್ತಿತ್ತು. ‘ಒಂದು ತಾನೇ, ಬಿಡಿ’ ಎಂದುಕೊಂಡು ಬೋನು ಎತ್ತಿಟ್ಟೆವು. ಮುಂದಿನ ವರ್ಷದ ಹೊತ್ತಿಗೆ ಅದೇ ಹಿತ್ತಲಲ್ಲಿ ಆಪರೇಷನ್ ಆಗದ ಬೆಕ್ಕುಗಳೇ ಒಂಬತ್ತು. ಅಷ್ಟು ದಿನ ನಿದ್ದೆಗೆಟ್ಟಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು.

ಹಿಡಿಯುವುದು, ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸುವುದು, ಹಿಡಿದ ಜಾಗಕ್ಕೇ ಮರಳಿ ಬಿಡುವುದು: ವಿಧಾನ ಇಷ್ಟೇ. ಕಷ್ಟವಿರುವುದು ಇದನ್ನು ಅರ್ಧಕ್ಕೆ ಬಿಡದೆ ಮುಗಿಸುವುದರಲ್ಲಿ.

ಹೆಚ್ಚುವುದು ಬೇಗ, ಇಳಿಯುವುದು ನಿಧಾನ

ಹೆಣ್ಣು ಬೆಕ್ಕು ನಾಲ್ಕು ತಿಂಗಳ ಮರಿಯಾಗಿರುವಾಗಲೇ ಬೆದೆಗೆ ಬರಬಹುದು. ಗಬ್ಬದ ಅವಧಿ ಸುಮಾರು 63ರಿಂದ 65 ದಿನ. ಒಂದು ಸೂಲಿಗೆ ಸರಾಸರಿ ನಾಲ್ಕು ಮರಿ, ವರ್ಷಕ್ಕೆ ಎರಡು ಮೂರು ಸೂಲು. ಮರಿಗಳಿಗೆ ಹಾಲೂಡಿಸುತ್ತಿರುವಾಗಲೇ ತಾಯಿ ಮತ್ತೆ ಗಬ್ಬವಾಗುವುದೂ ಉಂಟು. ಬೀದಿಯಲ್ಲಿ ಹುಟ್ಟಿದ ಮರಿಗಳಲ್ಲಿ ಬಹುಪಾಲು ಆರು ತಿಂಗಳು ದಾಟುವುದಿಲ್ಲ. ಆದರೂ ಸಂಖ್ಯೆ ಏರುತ್ತಲೇ ಇರುತ್ತದೆ. ದಕ್ಷಿಣ ಹಿಂದೂ ಮಹಾಸಾಗರದ ಮೇರಿಯನ್ ದ್ವೀಪಕ್ಕೆ 1949ರಲ್ಲಿ ಇಲಿ ಹಿಡಿಯಲೆಂದು ಐದು ಬೆಕ್ಕುಗಳನ್ನು ಒಯ್ದರು. 1977ರ ಹೊತ್ತಿಗೆ ಅಲ್ಲಿ ಸುಮಾರು 3,400 ಬೆಕ್ಕುಗಳಿದ್ದವು, ಕಡಲಹಕ್ಕಿಗಳನ್ನು ತಿಂದುಕೊಂಡು.

‘ಹಿಡಿದು ದೂರ ಬಿಟ್ಟು ಬಂದರಾಯಿತಲ್ಲ’ ಎನ್ನುವವರು ಪ್ರತಿ ಸಭೆಯಲ್ಲೂ ಒಬ್ಬರಾದರೂ ಇರುತ್ತಾರೆ. ತಿನ್ನಲು ಸಿಗುವ ಜಾಗ ಖಾಲಿಯಾದರೆ ಪಕ್ಕದ ಬೆಕ್ಕುಗಳು ಬಂದು ಸೇರುತ್ತವೆ. ಆಸ್ಟ್ರೇಲಿಯಾದ ಟಾಸ್ಮೇನಿಯಾ ದ್ವೀಪದ ಕಾಡಿನಲ್ಲಿ ಎರಡು ಕಡೆ ಅಲ್ಪಸ್ವಲ್ಪ ಬೆಕ್ಕುಗಳನ್ನು ತೆಗೆದುಹಾಕಿ ಕ್ಯಾಮೆರಾ ಇಟ್ಟು ನೋಡಿದ ಸಂಶೋಧಕರಿಗೆ ಕಂಡ ಬೆಕ್ಕುಗಳ ಸಂಖ್ಯೆ ಎರಡೂ ಕಡೆ ಏರಿತ್ತು. ಒಂದು ಕಡೆ 75 ಶೇಕಡಾ, ಇನ್ನೊಂದು ಕಡೆ 211 ಶೇಕಡಾ. 2014ರಲ್ಲಿ ಪ್ರಕಟವಾದ ಲೆಕ್ಕವಿದು. ದೂರ ಬಿಟ್ಟ ಬೆಕ್ಕಿನ ಪಾಡಂತೂ ಕೇಳಬೇಡಿ. ನೀರೆಲ್ಲಿ, ಅಡಗುವ ಜಾಗವೆಲ್ಲಿ, ನಾಯಿ ಯಾವ ಕಡೆಯಿಂದ ಬರುತ್ತದೆ ಎಂಬುದು ಯಾವುದೂ ತಿಳಿಯದ ಊರಲ್ಲಿ ಅದು ಬಾಳುವುದು ಕಷ್ಟ.

ಹಾಗಂತ ಆಪರೇಷನ್ ಮಾಡಿಸಿದ ಕೂಡಲೇ ಸಂಖ್ಯೆ ಇಳಿಯುತ್ತದೆ ಎಂದು ಯಾರಿಗೂ ಮಾತು ಕೊಡಬೇಡಿ. ಇಸ್ರೇಲಿನ ರಿಶೋನ್ ಲೆಝಿಯೋನ್ ನಗರದಲ್ಲಿ 12 ವರ್ಷ ಬೆಕ್ಕುಗಳನ್ನು ಎಣಿಸಿದರು. ನಗರದ ಕೆಲವು ಭಾಗಗಳಲ್ಲಷ್ಟೇ ಆಪರೇಷನ್ ನಡೆದಾಗ ಸಂಖ್ಯೆ ಇಳಿಯಲಿಲ್ಲ; ಅಕ್ಕಪಕ್ಕದಿಂದ ಬೆಕ್ಕುಗಳು ಬಂದು ತುಂಬಿಕೊಂಡವು. ಇಡೀ ನಗರದಲ್ಲಿ 70 ಶೇಕಡಾಕ್ಕಿಂತ ಹೆಚ್ಚು ಬೆಕ್ಕುಗಳಿಗೆ ಆಪರೇಷನ್ ಆದ ಮೇಲೆ ವರ್ಷಕ್ಕೆ ಸುಮಾರು 7 ಶೇಕಡಾದಂತೆ ಇಳಿಯತೊಡಗಿತು. ಅಲ್ಲೊಂದು ಇಲ್ಲೊಂದು ಬೆಕ್ಕು ಹಿಡಿದು ಸಮಾಧಾನಪಟ್ಟುಕೊಳ್ಳುವವರು ಗಮನಿಸಬೇಕಾದ ಸಂಗತಿ ಇದು. ಇಪ್ಪತ್ತು ಬೀದಿಗಳಲ್ಲಿ ಬೀದಿಗೆರಡರಂತೆ ಹಿಡಿಯುವ ಬದಲು ಒಂದೇ ಬೀದಿಯನ್ನು ಪೂರ್ತಿ ಮುಗಿಸಿ, ಅದಕ್ಕೆ ಅಂಟಿಕೊಂಡ ಇನ್ನೊಂದನ್ನು ಹಿಡಿಯಿರಿ.

ಮುಗಿಸಿದವರೂ ಇದ್ದಾರೆ. ಅಮೆರಿಕದ ನ್ಯೂಬರಿಪೋರ್ಟ್ ಎಂಬ ಊರಿನ ನದಿದಂಡೆಯಲ್ಲಿ 1992ರಲ್ಲಿ ಸುಮಾರು 300 ಬೆಕ್ಕುಗಳಿದ್ದವು. ಕೊನೆಯ ಬೆಕ್ಕು ಮುದಿಯಾಗಿ ಸತ್ತದ್ದು 2009ರಲ್ಲಿ. ಫ್ಲಾರಿಡಾದ ಒಂದು ವಿಶ್ವವಿದ್ಯಾಲಯದ ಆವರಣದಲ್ಲಿ 1996ರಲ್ಲಿ 68 ಇದ್ದವು 2002ಕ್ಕೆ 23 ಆದವು. ಅಲ್ಲಿ 11 ವರ್ಷಗಳಲ್ಲಿ ಲೆಕ್ಕಕ್ಕೆ ಸಿಕ್ಕ 155 ಬೆಕ್ಕುಗಳಲ್ಲಿ ಹತ್ತಿರ ಹತ್ತಿರ ಅರ್ಧಕ್ಕೆ ಮನೆ ಸಿಕ್ಕಿತ್ತು ಎಂಬುದನ್ನೂ ಮರೆಯಬಾರದು. ಆಪರೇಷನ್ ಹುಟ್ಟನ್ನು ತಡೆಯುತ್ತದೆ, ಇರುವುದನ್ನು ಕಡಿಮೆ ಮಾಡುವುದು ದತ್ತು ಮತ್ತು ವಯಸ್ಸು.

ಮೊದಲ ಎರಡು ವಾರ: ಎಣಿಸಿ, ಬೋನು ಮುಟ್ಟಬೇಡಿ

ನಸುಕಿನಲ್ಲೂ ಸಂಜೆ ಮಬ್ಬಿನಲ್ಲೂ ಹೋಗಿ. ಪ್ರತಿ ಬೆಕ್ಕಿಗೂ ಎಡ, ಬಲ, ಎದುರು, ಹೀಗೆ ಮೂರು ಫೋಟೊ. ಕರಿ ಬೆಕ್ಕುಗಳು ಎರಡಿವೆಯೋ ನಾಲ್ಕಿವೆಯೋ ಎಂಬ ಜಗಳ ಖಂಡಿತ ಬರುತ್ತದೆ, ಆಗ ಬಾಲದ ತುದಿ, ಕಿವಿಯ ಹರುಕು, ಎದೆಯ ಬಿಳಿ ಚುಕ್ಕೆ ನೆರವಿಗೆ ಬರುತ್ತವೆ. ಒಂದು ಪುಸ್ತಕದಲ್ಲಿ ಬಣ್ಣ, ಗಂಡೋ ಹೆಣ್ಣೋ, ಯಾವ ಹೊತ್ತಿಗೆ ಎಲ್ಲಿ ಕಾಣುತ್ತದೆ, ಕಿವಿ ಕತ್ತರಿಸಿದೆಯೋ ಇಲ್ಲವೋ ಎಂದು ಬರೆಯುತ್ತಾ ಹೋಗಿ. ಎಡಗಿವಿಯ ತುದಿ ಒಂದು ಸೆಂಟಿಮೀಟರಿನಷ್ಟು ನೇರವಾಗಿ ಕತ್ತರಿಸಿದ್ದರೆ ಆ ಬೆಕ್ಕಿಗೆ ಆಪರೇಷನ್ ಆಗಿದೆ ಎಂದು ಬಹುತೇಕ ಕಡೆ ಅರ್ಥ. ಜಪಾನಿನಲ್ಲಿ ತುದಿಯನ್ನು ಹೂವಿನ ಎಸಳಿನಂತೆ ಕಚ್ಚು ಹಾಕುತ್ತಾರೆ.

ದೂರದಿಂದಲೇ ಗಂಡು ಹೆಣ್ಣು ಗುರುತಿಸಲು ಕೆಲವು ಸುಳಿವುಗಳಿವೆ. ಮೂರು ಬಣ್ಣವಿದ್ದರೆ ಅದು ಹೆಣ್ಣೇ ಎಂದಿಟ್ಟುಕೊಳ್ಳಿ, ಅಪವಾದ ಅತಿ ಅಪರೂಪ. ಕೇಸರಿ ಬಣ್ಣದವುಗಳಲ್ಲಿ ಹೆಚ್ಚಿನವು ಗಂಡು. ಬಲಿತ ಗಂಡು ಬೆಕ್ಕಿಗೆ, ಅಂದರೆ ಗಡವಕ್ಕೆ, ಕೆನ್ನೆ ಉಬ್ಬಿ ಮುಖ ಅಗಲವಾಗಿರುತ್ತದೆ. ಮೊಲೆಯ ಸುತ್ತ ಕೂದಲು ಹೋಗಿ ಬೋಳಾಗಿದ್ದರೆ ಎಲ್ಲೋ ಮರಿಗಳಿವೆ. ಆ ಬೆಕ್ಕಿನ ಹೆಸರಿನ ಮುಂದೆ ಕೆಂಪು ಗೆರೆ ಎಳೆಯಿರಿ, ಅದರ ವಿಷಯಕ್ಕೆ ಆಮೇಲೆ ಬರುತ್ತೇನೆ.

ಕಾಲಿಗೆ ಮೈ ತಿಕ್ಕುವ, ಎತ್ತಿಕೊಳ್ಳಲು ಬಿಡುವ ಬೆಕ್ಕು ಯಾರದೋ ಮನೆಯದಿರಬಹುದು. ಕೊರಳಿಗೆ ತೆಳು ಕಾಗದದ ಪಟ್ಟಿ ಸುತ್ತಿ, ‘ಈ ಬೆಕ್ಕು ನಿಮ್ಮದೇ? ಕರೆ ಮಾಡಿ’ ಎಂದು ನಂಬರು ಬರೆದುಬಿಡಿ. ಸಿಕ್ಕಿಹಾಕಿಕೊಂಡರೆ ಹರಿದುಹೋಗುವಷ್ಟು ತೆಳುವಿರಲಿ. ಒಂದು ವಾರ ಯಾರೂ ಕರೆ ಮಾಡದಿದ್ದರೆ ಅದನ್ನು ದತ್ತು ಪಟ್ಟಿಗೆ ಸೇರಿಸಿ.

ಗಂಟೆ ಕಟ್ಟುವವರು ಯಾರು?

ಬೆಕ್ಕಿಗೆ ಗಂಟೆ ಕಟ್ಟುವುದು ಒಳ್ಳೆಯದೇ, ಕಟ್ಟುವವರ್ಯಾರು ಎಂಬ ಹಳೆಯ ಪ್ರಶ್ನೆ ಇಲ್ಲಿ ಅಕ್ಷರಶಃ ಎದುರಾಗುತ್ತದೆ. ಒಬ್ಬರಿಂದ ಆಗದ ಕೆಲಸವಿದು. ಎಣಿಸುವವರು, ಊಟ ಹಾಕುವವರು, ಬೋನು ಕಾಯುವವರು, ಗಾಡಿ ಇರುವವರು, ಖರ್ಚಿನ ಲೆಕ್ಕ ಇಡುವವರು ಬೇಕು. ಎಲ್ಲರಿಗಿಂತ ಕಷ್ಟಪಟ್ಟು ಹುಡುಕಬೇಕಾದವರು ಆಪರೇಷನ್ ಆದ ಬೆಕ್ಕುಗಳಿಗೆ ಎರಡು ರಾತ್ರಿ ಒಂದು ಖಾಲಿ ಕೋಣೆ ಬಿಟ್ಟುಕೊಡುವವರು. ಆ ಕೋಣೆ ಸಿಗುವ ಮುನ್ನ ಬೋನಿನ ಮಾತೆತ್ತಬೇಡಿ.

ಊಟ ಹಾಕುವವರನ್ನು ಮೊದಲು ನಂಬಿಕೆಗೆ ತೆಗೆದುಕೊಳ್ಳಿ. ಯಾವ ಬೆಕ್ಕು ಎಷ್ಟು ಹೊತ್ತಿಗೆ ಬರುತ್ತದೆ ಎಂಬುದು ಅವರಿಗೆ ಗೊತ್ತು, ನಿಮ್ಮ ಫೋಟೊಗಳಿಗೆ ಗೊತ್ತಿಲ್ಲ. ಅವರಿಗಿರುವ ಭಯ ಒಂದೇ: ಇವರು ಹಿಡಿದುಕೊಂಡು ಹೋಗಿ ಸಾಯಿಸಿಬಿಟ್ಟರೆ? ಮೊದಲ ಬೆಕ್ಕನ್ನು ಮರಳಿ ಬಿಡುವಾಗ ಅವರನ್ನು ಪಕ್ಕದಲ್ಲೇ ನಿಲ್ಲಿಸಿಕೊಳ್ಳಿ.

ದೂರು ಹೇಳುವವರನ್ನು ಎದುರಾಳಿ ಮಾಡಿಕೊಳ್ಳುವುದು ದಡ್ಡತನ. ರಾತ್ರಿಯ ಕಿರುಚಾಟ, ಗೋಡೆಗೆ ಹಾರಿಸುವ ಮೂತ್ರದ ನಾತ, ಗಡವಗಳ ಕಾದಾಟ, ಇವೆಲ್ಲದರ ಬೇರು ಬೆದೆಯಲ್ಲಿದೆ. ಆಪರೇಷನ್ ಆದ ಕೆಲ ವಾರಗಳಲ್ಲಿ ಇವು ಬಹಳಷ್ಟು ತಗ್ಗುತ್ತವೆ. ಇದನ್ನು ಹೇಳಿ, ಅವರ ಅಂಗಳದಲ್ಲೇ ಬೋನಿಡಲು ಅನುಮತಿ ಕೇಳಿ. ನಮ್ಮಲ್ಲಿ ಅತಿ ಜೋರಾಗಿ ಗಲಾಟೆ ಮಾಡಿದ್ದ ವ್ಯಕ್ತಿಯೇ ಕೊನೆಗೆ ರಾತ್ರಿ ಹನ್ನೊಂದರವರೆಗೆ ಬೋನು ಕಾದರು, ಬೈಯುತ್ತಲೇ.

ನಿಮ್ಮಲ್ಲಿನ ಕಾನೂನನ್ನು ಮೊದಲೇ ವಿಚಾರಿಸಿ. ಕೆಲವೆಡೆ ಬೋನಿಡಲು ಅನುಮತಿ ಬೇಕು, ಕೆಲವೆಡೆ ಹಿಡಿದ ಬೆಕ್ಕನ್ನು ಮತ್ತೆ ಹೊರಗೆ ಬಿಡುವುದೇ ನಿಷಿದ್ಧ. ಇನ್ನೊಂದು ಮಾತು, ಬೆಕ್ಕುಪ್ರಿಯರಿಗೆ ರುಚಿಸದ್ದು. ನೆಲದಲ್ಲಿ ಗೂಡು ಕಟ್ಟುವ ಅಪರೂಪದ ಹಕ್ಕಿಗಳಿರುವ ದ್ವೀಪ, ಜೌಗು, ಕಾಡಂಚು ಇವುಗಳಲ್ಲಿ ಮರಳಿ ಬಿಡುವ ವಿಧಾನ ಸಲ್ಲದು. ಆಪರೇಷನ್ ಆದ ಬೆಕ್ಕೂ ಬೇಟೆಯಾಡುತ್ತದೆ. ಅಮೆರಿಕವೊಂದರಲ್ಲೇ ಬೆಕ್ಕುಗಳು ವರ್ಷಕ್ಕೆ 130 ಕೋಟಿಯಿಂದ 400 ಕೋಟಿ ಹಕ್ಕಿಗಳನ್ನು ಕೊಲ್ಲುತ್ತವೆ ಎಂದು 2013ರ ಅಂದಾಜು. ಅಂಥ ಜಾಗದ ಬೆಕ್ಕುಗಳಿಗೆ ಮನೆಯನ್ನೋ ಬೇಲಿ ಹಾಕಿದ ಆಶ್ರಯವನ್ನೋ ಹುಡುಕಬೇಕು.

ವೈದ್ಯರ ಬಳಿ ಕೇಳಬೇಕಾದ್ದು

ಬೆಕ್ಕು ಬೋನಿಗೆ ಬಿದ್ದ ಮೇಲೆ ಪಶುವೈದ್ಯರನ್ನು ಹುಡುಕುತ್ತಾ ಓಡಾಡುವವರನ್ನು ನೋಡಿದ್ದೇನೆ. ಮೊದಲು ದಿನ ಗೊತ್ತುಮಾಡಿ, ಆಮೇಲೆ ಬೋನು. ಮುಟ್ಟಗೊಡದ ಬೆಕ್ಕನ್ನು ಬೋನಿನಲ್ಲೇ ತಂದರೆ ಒಪ್ಪುತ್ತೀರಾ? ದಿನಕ್ಕೆ ಎಷ್ಟು ಮಾಡಬಲ್ಲಿರಿ? ತಾನಾಗಿ ಕರಗುವ ಹೊಲಿಗೆ ಹಾಕುತ್ತೀರಾ? ದೀರ್ಘಕಾಲ ಕೆಲಸ ಮಾಡುವ ನೋವಿನ ಇಂಜೆಕ್ಷನ್ ಕೊಡುತ್ತೀರಾ? ಅರಿವಳಿಕೆಯಲ್ಲಿರುವಾಗಲೇ ಕಿವಿ ತುದಿ ಕತ್ತರಿಸಿ ರೇಬೀಸ್ ಲಸಿಕೆ ಹಾಕುತ್ತೀರಾ? ಕೊನೆಯ ಎರಡನ್ನು ಬಿಟ್ಟುಕೊಡಲೇಬೇಡಿ. ಕಿವಿ ಗುರುತಿಲ್ಲದ ಹೆಣ್ಣನ್ನು ಮತ್ತೊಮ್ಮೆ ಹಿಡಿದು ಹೊಟ್ಟೆ ಕೊಯ್ದ ಪ್ರಸಂಗಗಳಿವೆ. ಹೊಲಿಗೆ ಬಿಚ್ಚಿಸಲು ಎರಡನೇ ಸಲ ಬೋನಿಗೆ ಬಾ ಎಂದರೆ ಅದು ಬರುವುದೂ ಇಲ್ಲ.

ಗಬ್ಬದ ಬೆಕ್ಕು ಬಂದರೆ ಏನು ಮಾಡುವುದು ಎಂಬ ತೀರ್ಮಾನವನ್ನು ಗುಂಪಿನಲ್ಲಿ ಮೊದಲೇ ಕೂತು ಮಾಡಿ, ವೈದ್ಯರ ಅಭಿಪ್ರಾಯವನ್ನೂ ಕೇಳಿ. ಆಪರೇಷನ್ ಮೇಜಿನ ಪಕ್ಕ ನಿಂತು ವಾದ ಮಾಡುವ ವಿಷಯವಲ್ಲ ಅದು.

ಬೋನಿಡುವ ಸಂಜೆ

ಸುಮಾರು ಒಂದು ವಾರ ಮುಂಚಿನಿಂದಲೇ ಊಟ ದಿನವೂ ಒಂದೇ ಹೊತ್ತಿಗೆ, ಒಂದೇ ಜಾಗದಲ್ಲಿ, ಅರ್ಧ ಗಂಟೆಯಷ್ಟೇ. ಉಳಿದದ್ದನ್ನು ಎತ್ತಿಬಿಡಿ. ಕೊನೆಯ ಮೂರು ನಾಲ್ಕು ದಿನ ಬಾಗಿಲು ಬೀಳದಂತೆ ಕಟ್ಟಿಹಾಕಿದ ಬೋನಿನೊಳಗೇ ತಟ್ಟೆಯಿಡಿ. ಹಿಡಿಯುವ ಹಿಂದಿನ ದಿನ ಬಲಿತ ಬೆಕ್ಕುಗಳಿಗೆ ಊಟ ನಿಲ್ಲಿಸಿ. ನೀರು ಮಾತ್ರ ಇರಲೇಬೇಕು. ಸುತ್ತಲಿನ ಎಲ್ಲರಿಗೂ ಇದನ್ನು ಹೇಳಿರಬೇಕು. ಯಾರೋ ಒಬ್ಬರು ಪಾಪ ಎಂದು ಒಂದು ಹಿಡಿ ಹಾಕಿದರೂ ಆ ಸಂಜೆ ವ್ಯರ್ಥ.

ಬೋನು ಸುಮಾರು 75ರಿಂದ 90 ಸೆಂಟಿಮೀಟರ್ ಉದ್ದವಿದ್ದರೆ ಒಳ್ಳೆಯದು. ಗಿಡ್ಡ ಬೋನಿನಲ್ಲಿ ಬಾಗಿಲು ಬಾಲದ ಮೇಲೆ ಬೀಳುತ್ತದೆ. ಸಮತಟ್ಟಾದ ನೆಲದ ಮೇಲೆ, ಗೋಡೆಗೆ ಅಂಟಿಸಿ ಇಡಿ. ಅಲ್ಲಾಡುವ ಬೋನಿಗೆ ಬೆಕ್ಕು ಕಾಲಿಡುವುದಿಲ್ಲ. ತಂತಿ ಪಾದಕ್ಕೆ ಒತ್ತದಂತೆ ಹಳೆ ಪೇಪರು ಹಾಸಿ, ಆದರೆ ಬೆಕ್ಕು ತುಳಿದಾಗ ಬಾಗಿಲು ಬೀಳಿಸುವ ತುಳಿಹಲಗೆಯ ಕೆಳಗೆ ಅದು ಮುದುಡಿಕೊಂಡು ಅಡ್ಡಿಯಾಗಬಾರದು. ವಾಸನೆ ಜೋರಾದ ಮೀನು ಒಂದು ಚಮಚ, ತುಳಿಹಲಗೆಯಾಚೆ, ಬೋನಿನ ಕೊನೆಯ ಮೂಲೆಯಲ್ಲಿ. ಬಾಗಿಲಿನಿಂದ ಒಳಕ್ಕೆ ಅದರ ರಸದ ನಾಲ್ಕು ಹನಿ ಗೆರೆ. ಜಾಸ್ತಿ ಹಾಕಿದರೆ ಹೊಟ್ಟೆ ತುಂಬಿಕೊಂಡು ಅರಿವಳಿಕೆಗೆ ಹೋಗುತ್ತದೆ, ಅದು ಅಪಾಯ.

ಬೋನಿಟ್ಟು ಮನೆಗೆ ಹೋಗಬೇಡಿ. ಕಾಣುವಷ್ಟು ದೂರದಲ್ಲಿ, ಅಲ್ಲಾಡದೆ, ಫೋನಿನ ಬೆಳಕಿಲ್ಲದೆ ಕೂರಿ. ಬಾಗಿಲು ಬೀಳುವ ಸದ್ದಿನ ಹಿಂದೆಯೇ ಒಳಗೊಂದು ಬಿರುಗಾಳಿ ಏಳುತ್ತದೆ. ಬೆಕ್ಕು ಮೂಗಿನಿಂದ ತಂತಿಗೆ ಗುದ್ದಿಕೊಂಡು ರಕ್ತ ಮಾಡಿಕೊಳ್ಳಬಲ್ಲದು. ಕೈಯಲ್ಲಿ ಸಿದ್ಧವಾಗಿಟ್ಟುಕೊಂಡ ದೊಡ್ಡ ಬಟ್ಟೆಯನ್ನು ಎರಡೂ ಕೈಯಲ್ಲಿ ಅಗಲಿಸಿ, ಬೋನು ನೆಲದವರೆಗೂ ಮುಚ್ಚುವಂತೆ ಹಾಸಿಬಿಡಿ. ಗದ್ದಲ ನಿಂತುಹೋಗುತ್ತದೆ, ದೀಪ ಆರಿಸಿದ ಹಾಗೆ. ಪ್ರತಿ ಸಲ ನೋಡಿದರೂ ನನಗಿದು ಸೋಜಿಗವೇ. ಕಿವಿ ನೋಡಿ, ಈಗಾಗಲೇ ಕತ್ತರಿಸಿದ್ದರೆ ಅಲ್ಲೇ ಬಿಟ್ಟುಬಿಡಿ. ಹಿಂದಿನ ಬಾಗಿಲಿಗೆ ತಂತಿ ಸುತ್ತಿ ಭದ್ರಪಡಿಸಿ, ಗಾಡಿಯಲ್ಲಿ ಸಮವಾಗಿಟ್ಟು ಒಯ್ಯಿರಿ. ಬಿಸಿಲಲ್ಲಿ ನಿಂತ ಗಾಡಿಯೊಳಗೆ ಒಂದು ನಿಮಿಷವೂ ಬಿಡಬೇಡಿ.

ಎಚ್ಚರವಾಗಿರುವ ಕಾಡು ಸ್ವಭಾವದ ಬೆಕ್ಕನ್ನು ಕೈಯಲ್ಲಿ ಹಿಡಿಯುವ ಶೌರ್ಯ ಬೇಡ. ಕಚ್ಚಿದರೆ ಹಲ್ಲು ಸೂಜಿಯಂತೆ ಆಳಕ್ಕೆ ಇಳಿದು ಸೋಂಕಾಗುತ್ತದೆ. ಗಾಯವನ್ನು ಸೋಪು ಹಾಕಿ ಹರಿಯುವ ನೀರಲ್ಲಿ 15 ನಿಮಿಷ ತೊಳೆದು, ಅಂದೇ ವೈದ್ಯರನ್ನು ಕಾಣಿ. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಚಿಕಿತ್ಸೆ ಇಲ್ಲವೆನ್ನಬಹುದು. ಪದೇಪದೇ ಬೋನು ಹಿಡಿಯುವವರು ಮುಂಚೆಯೇ ಲಸಿಕೆ ಹಾಕಿಸಿಕೊಂಡಿರಬೇಕು.

ಹಾಲು ಕಂಡರೆ ಓಡುವ ಬೆಕ್ಕು

ತೆನಾಲಿ ರಾಮನ ಬೆಕ್ಕು ಬಿಸಿ ಹಾಲಿಗೆ ಬಾಯಿ ಸುಟ್ಟುಕೊಂಡು ಆಮೇಲೆ ಹಾಲು ಕಂಡರೆ ಓಡುತ್ತಿತ್ತಂತೆ. ಪ್ರತಿ ಗುಂಪಿನಲ್ಲೂ ಅಂಥದ್ದೊಂದಿರುತ್ತದೆ. ಒಮ್ಮೆ ಬಾಗಿಲು ಬೀಳುವುದನ್ನು ಕಂಡಿರುತ್ತದೆ, ಇಲ್ಲವೇ ಒಮ್ಮೆ ತಪ್ಪಿಸಿಕೊಂಡಿರುತ್ತದೆ. ಬೋನಿಗೆ ಎಲೆ, ಗೋಣಿ ಹೊದಿಸಿ ರೂಪ ಬದಲಿಸಿ. ಆಹಾರ ಬದಲಿಸಿ. ಎರಡು ವಾರ ಏನೂ ಮಾಡದೆ ಬಿಟ್ಟು ನೋಡಿ. ಇದಾವುದಕ್ಕೂ ಬಗ್ಗದಿದ್ದರೆ ಕವುಚಿ ಬೀಳುವ ಬೋನು ಬೇಕು: ದೊಡ್ಡ ಚೌಕಟ್ಟಿಗೆ ಬಲೆ ಹೊಡೆದು, ಒಂದು ಅಂಚನ್ನು ಕೋಲಿನ ಮೇಲೆ ನಿಲ್ಲಿಸಿ, ಕೋಲಿಗೆ ದಾರ ಕಟ್ಟಿ, ಬೆಕ್ಕು ಮಧ್ಯಕ್ಕೆ ಬಂದು ತಲೆ ತಗ್ಗಿಸಿ ತಿನ್ನತೊಡಗಿದಾಗ ಎಳೆಯುವುದು. ಎಳೆದವರೇ ಓಡಿಬಂದು ಚೌಕಟ್ಟನ್ನು ಒತ್ತಿ ಹಿಡಿಯಬೇಕು, ಬಟ್ಟೆ ಹೊದಿಸಬೇಕು, ಅಲ್ಲಿಂದ ಮಾಮೂಲಿ ಬೋನಿಗೆ ದಾಟಿಸಬೇಕು. ಬೇಕಾದ ಬೆಕ್ಕನ್ನೇ ಆರಿಸಿ ಹಿಡಿಯಬಹುದು ಎಂಬುದು ಇದರ ದೊಡ್ಡ ಲಾಭ. ನಮ್ಮ ಮೂರು ಬಣ್ಣದವಳು ಸಿಕ್ಕಿದ್ದು ಹೀಗೆಯೇ, ಹದಿನಾಲ್ಕು ತಿಂಗಳ ಮೇಲೆ.

ಆಪರೇಷನ್ ಆದ ರಾತ್ರಿ

ಅರಿವಳಿಕೆಯಲ್ಲಿರುವ ಬೆಕ್ಕು ಮೈ ಬಿಸಿ ಕಾಯ್ದುಕೊಳ್ಳಲಾರದು. ಗಾಳಿ ನುಗ್ಗದ, ಬೆಚ್ಚನೆಯ, ಮಬ್ಬುಗತ್ತಲ ಕೋಣೆಯಲ್ಲಿ ಬೋನನ್ನು ನೆಲದಿಂದ ತುಸು ಎತ್ತರಿಸಿಡಿ. ಬೆಕ್ಕು ಪಕ್ಕಕ್ಕೆ ಮಲಗಿರಲಿ, ಕತ್ತು ಮಡಚಿಕೊಂಡು ಉಸಿರಿಗೆ ಅಡ್ಡವಾಗದಂತೆ ನೋಡಿ. ಕಣ್ಣು ತೆರೆದೇ ಇರುತ್ತದೆ, ಗಾಬರಿಯಾಗಬೇಡಿ. ತಲೆಯೆತ್ತುವವರೆಗೆ ಹದಿನೈದು ಇಪ್ಪತ್ತು ನಿಮಿಷಕ್ಕೊಮ್ಮೆ ಬಟ್ಟೆ ಸರಿಸಿ ಪಕ್ಕೆ ಏಳುಬೀಳುವುದನ್ನು ನೋಡುತ್ತಿರಿ. ವಸಡು ಬೆಳ್ಳಗಾಗಿದ್ದರೆ, ರಕ್ತ ನಿಲ್ಲದೆ ತೊಟ್ಟಿಕ್ಕುತ್ತಿದ್ದರೆ, ಹಲವು ಗಂಟೆ ಕಳೆದರೂ ಎಚ್ಚರವಾಗದಿದ್ದರೆ ವೈದ್ಯರಿಗೆ ಆ ಕ್ಷಣವೇ ಫೋನು ಮಾಡಿ.

ಪೂರ್ತಿ ಎಚ್ಚರವಾಗುವವರೆಗೆ ಬಲಿತ ಬೆಕ್ಕಿಗೆ ಊಟವಿಲ್ಲ. ಮರಿಗಳಿಗೆ ಮಾತ್ರ ಎಚ್ಚರವಾದ ಸ್ವಲ್ಪ ಹೊತ್ತಿಗೇ ಒಂದಿಷ್ಟು ಕೊಡಬೇಕು, ಅವು ಹಸಿವು ತಡೆಯಲಾರವು. ನೋವಿರಬಹುದೆಂದು ಮನೆಯ ಪ್ಯಾರಾಸಿಟಮಾಲ್ ಮುಟ್ಟಬೇಡಿ. ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲದು. ನಾಯಿಗೆ ಹಾಕುವ ಚಿಗಟದ ಔಷಧಿಯೂ ಬೇಡ, ಅದರಲ್ಲಿ ಪರ್ಮೆಥ್ರಿನ್ ಇದ್ದರೆ ಬೆಕ್ಕಿಗೆ ವಿಷ.

ಗಂಡನ್ನು ಮಾರನೇ ದಿನ ಬಿಡಬಹುದು, ಹೆಣ್ಣನ್ನು ಸಾಮಾನ್ಯವಾಗಿ ಎರಡು ದಿನ ಇಟ್ಟುಕೊಳ್ಳಿ. ಕೆಂಪು ಗೆರೆ ಎಳೆದಿದ್ದಿರಲ್ಲ, ಆ ಹಾಲೂಡಿಸುವ ತಾಯಿಯ ಲೆಕ್ಕ ಬೇರೆ. ಎಲ್ಲರಿಗಿಂತ ಮೊದಲು ಅದಕ್ಕೆ ಆಪರೇಷನ್ ಮಾಡಲು ಕೇಳಿ, ವೈದ್ಯರು ಒಪ್ಪಿದರೆ ಚೆನ್ನಾಗಿ ಎಚ್ಚರವಾದ ಅಂದೇ ಬಿಟ್ಟುಬಿಡಿ. ಎಲ್ಲೋ ಸಂದಿಯಲ್ಲಿ ಮರಿಗಳು ಕಾಯುತ್ತಿರುತ್ತವೆ. ಆಪರೇಷನ್ನಿನಿಂದ ಹಾಲು ಬತ್ತುವುದಿಲ್ಲ.

ಬಿಡುವುದು ಹಿಡಿದ ಜಾಗದಲ್ಲೇ, ರಸ್ತೆಗೆ ಬೆನ್ನು ಮಾಡಿ, ಬೋನಿನ ಬಾಯಿ ಪೊದೆಯ ಕಡೆಗೆ. ಬಾಗಿಲೆತ್ತಿ ಪಕ್ಕಕ್ಕೆ ಸರಿಯಿರಿ. ಕೆಲವು ಬಾಣದಂತೆ ಹೋಗುತ್ತವೆ, ಕೆಲವು ಐದು ನಿಮಿಷ ಕೂತೇ ಇರುತ್ತವೆ; ಬೋನು ಬಗ್ಗಿಸಿ ಸುರಿಯಬೇಡಿ. ಆಮೇಲೆ ಎರಡು ದಿನ ಕಾಣಿಸದಿದ್ದರೆ ಚಿಂತೆ ಬೇಡ, ಸಿಟ್ಟು.

ಆಪರೇಷನ್ ಆದ ಗಂಡಿನಲ್ಲಿ ಕೆಲ ವಾರ ವೀರ್ಯ ಉಳಿದಿರುತ್ತದೆ ಎಂಬುದು ನೆನಪಿರಲಿ. ಅದಕ್ಕೇ ದುಡ್ಡೋ ದಿನವೋ ಕಡಿಮೆಯಿದ್ದಾಗ ಹೆಣ್ಣುಗಳಿಗೆ ಆದ್ಯತೆ ಕೊಡಿ. ಒಂದು ಗಡವ ಉಳಿದರೂ ಅದು ಎಲ್ಲ ಹೆಣ್ಣುಗಳಿಗೂ ಸಾಕು. ಒಂದೇ ಸೂಲಿನ ಮರಿಗಳಿಗೆ ಬೇರೆ ಬೇರೆ ತಂದೆಯರಿರುವುದೂ ಉಂಟು.

ಮರಿಗಳು

ಮರಿಗಳು ಮನುಷ್ಯರಿಗೆ ಹೊಂದಿಕೊಳ್ಳುವ ಕಾಲ ಎರಡರಿಂದ ಏಳು ವಾರ. ಎಂಟು ವಾರದೊಳಗೆ ಸಿಕ್ಕರೆ ಕೆಲವೇ ದಿನಗಳಲ್ಲಿ ಮಡಿಲಿಗೆ ಬರುತ್ತವೆ. ಮೂರು ತಿಂಗಳು ದಾಟಿದ ಮೇಲೆ ಪಳಗಿಸುವುದು ಬಹಳ ಶ್ರಮ, ಬಹುತೇಕ ಸಂದರ್ಭದಲ್ಲಿ ಆಪರೇಷನ್ ಮಾಡಿಸಿ ತಾಯಿಯ ಜೊತೆ ಬಿಡುವುದೇ ಮೇಲು. ಸುಮಾರು ಎರಡು ತಿಂಗಳಾಗಿ ಒಂದು ಕಿಲೊ ತೂಗಿದರೆ ಬಹಳ ವೈದ್ಯರು ಆಪರೇಷನ್ನಿಗೆ ಒಪ್ಪುತ್ತಾರೆ.

ಒಂಟಿ ಮರಿಗಳನ್ನು ಕಂಡ ತಕ್ಷಣ ಎತ್ತಿಕೊಂಡು ಬರಬೇಡಿ. ತಾಯಿ ಊಟಕ್ಕೆ ಹೋಗಿರಬಹುದು. ದೂರದಿಂದ ಕೆಲವು ಗಂಟೆ ಕಾದು ನೋಡಿ. ತಂದೇ ಬಿಟ್ಟಿದ್ದರೆ, ಮೊದಲು ಮೈ ಬೆಚ್ಚಗೆ ಮಾಡಿ, ಆಮೇಲೆ ಮರಿಬೆಕ್ಕಿನ ಪುಡಿಹಾಲು. ತಣ್ಣಗಾದ ಮರಿಗೆ ಹಾಲು ಜೀರ್ಣವಾಗದು, ಹಸುವಿನ ಹಾಲಂತೂ ಭೇದಿ ತರಿಸುತ್ತದೆ. ಮರಿಗಳು ಮೊದಲು ಸಿಕ್ಕಿದ್ದರೆ ಅವನ್ನು ಪ್ರತ್ಯೇಕ ಪೆಟ್ಟಿಗೆಯಲ್ಲಿಟ್ಟು, ಬೋನಿನ ಹಿಂಬದಿಗೆ ತಾಗಿಸಿ ಎರಡನ್ನೂ ಒಂದೇ ಬಟ್ಟೆಯಿಂದ ಮುಚ್ಚಿ. ಮರಿಯ ಕೂಗಿಗೆ ತಾಯಿ ಬೋನು ಹೊಕ್ಕೇ ಬರಬೇಕಾಗುತ್ತದೆ. ಹಠಮಾರಿ ಹೆಣ್ಣುಗಳಿಗೂ ಇದು ಬಹಳ ಸಲ ನಾಟುತ್ತದೆ.

ಪುಸ್ತಕ ಮುಚ್ಚಬೇಡಿ

ಎಲ್ಲ ಬೆಕ್ಕುಗಳ ಕಿವಿಯೂ ಕತ್ತರಿಸಿದ ದಿನ ಅರ್ಧ ಕೆಲಸ ಮುಗಿದಿದೆ. ಅದೇ ಹೊತ್ತಿಗೆ, ಅದೇ ಜಾಗದಲ್ಲಿ ಊಟ ಮುಂದುವರಿಸಿ, ಬಂದವುಗಳನ್ನು ತಲೆಯೆಣಿಸಿ. ಹೊಸ ಮುಖ ಬಂದೇ ಬರುತ್ತದೆ: ಪಕ್ಕದ ಬೀದಿಯ ಗಡವ, ಮನೆ ಖಾಲಿ ಮಾಡಿದವರು ಬಿಟ್ಟುಹೋದ ಸಾಕುಬೆಕ್ಕು, ಡಬ್ಬದಲ್ಲಿ ಹಾಕಿ ತಂದಿಟ್ಟ ಮರಿಗಳು. ಹೀಗಾಗಿ ಸುತ್ತಲಿನ ಸಾಕುಬೆಕ್ಕುಗಳಿಗೂ ಆಪರೇಷನ್ ಮಾಡಿಸುವಂತೆ ಮನೆಮನೆಗೆ ಹೋಗಿ ಹೇಳುವುದು ಬೋನು ಹಿಡಿಯುವಷ್ಟೇ ಮುಖ್ಯ, ಅದಕ್ಕಿಂತ ಬೇಸರದ್ದು. ಕಸದ ತೊಟ್ಟಿಗೆ ಮುಚ್ಚಳ ಹಾಕಿಸಿ.

ಹೊಸದು ಕಂಡ ವಾರದೊಳಗೇ ಬೋನು ಹೊರಬರಬೇಕು. ನಮ್ಮ ಬೋನಿಗೆ ತುಕ್ಕು ಹಿಡಿಯದಂತೆ ಎಣ್ಣೆ ಸವರಿ ಆ ಬೈಯುತ್ತಿದ್ದ ಮಹನೀಯರ ಮನೆಯ ಮೆಟ್ಟಿಲ ಕೆಳಗೆ ಇಟ್ಟಿದ್ದೇವೆ. ಕಳೆದ ತಿಂಗಳು ಒಂದು ಬೂದುಬಣ್ಣದ ಹೆಣ್ಣು ಬಂದಿತ್ತು. ನಮಗೆ ಸುದ್ದಿ ಮುಟ್ಟುವಷ್ಟರಲ್ಲಿ ಅವರೇ ಪೇಪರು ಹಾಸಿ ಮೀನು ಇಟ್ಟಿದ್ದರು.